ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟ: ಮಸುಕಿನ ಮೂಲ ಗುರುತಿಸಿ, ನಿಮ್ಮ ಕೈಯ ಮಿತಿಯನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ಲಾಲ್‌ಬಾಗಿಗೆ ಕ್ಯಾಮೆರಾ ಕಲಿಯಲೆಂದು ನನ್ನೊಡನೆ ಬರುವವರಲ್ಲಿ ಹೆಚ್ಚಿನವರು ಹೇಳಿಕೊಳ್ಳುವ ತೊಂದರೆ ಒಂದೇ. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಅಚ್ಚುಕಟ್ಟಾಗಿ ಕಂಡ ಚಿತ್ರ ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮಸುಕಾಗಿರುತ್ತದೆ. ಆಗ ಅವರು ಸಾಫ್ಟ್‌ವೇರಿನಲ್ಲಿ ಶಾರ್ಪ್‌ನೆಸ್ ಏರಿಸುತ್ತಾರೆ. ಅದರಿಂದ ಫಲ ಸಿಗದಿದ್ದಾಗ ಲೆನ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೊನೆಗೆ ಹೊಸ ಲೆನ್ಸಿಗೆ ಹಣ ಹೊಂದಿಸಲು ಹೊರಡುತ್ತಾರೆ. ಹೊಸ ಲೆನ್ಸಿನಲ್ಲೂ ಅದೇ ಮಸುಕು ಬರುತ್ತದೆ, ಏಕೆಂದರೆ ಅವರು ತಮ್ಮ ಕೈ ಯಾವ ಷಟರ್ ವೇಗದವರೆಗೆ, ಅಂದರೆ ಬೆಳಕನ್ನು ಒಳಬಿಡುವ ಷಟರ್ ಎಷ್ಟು ಹೊತ್ತು ತೆರೆದಿರುವವರೆಗೆ, ನಿಲ್ಲಬಲ್ಲದು ಎಂಬುದನ್ನು ಒಮ್ಮೆಯೂ ಅಳೆದು ನೋಡಿರುವುದಿಲ್ಲ.

ಆ ಅಳತೆಯನ್ನು ಮಾಡಿಕೊಳ್ಳುವುದು ಮತ್ತು ಅದಕ್ಕೆ ತಕ್ಕಂತೆ ಕ್ಯಾಮೆರಾವನ್ನು ಹೊಂದಿಸುವುದು ಹೇಗೆಂದು ಇಲ್ಲಿ ಹಂತಹಂತವಾಗಿ ಹೇಳಿದ್ದೇನೆ. ಹಂತಗಳ ಅನುಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೊದಲ ಮೂರನ್ನು ಬಿಟ್ಟು ನೇರವಾಗಿ ಸ್ಟೆಬಿಲೈಸೇಶನ್ (ಅಲುಗಾಟವನ್ನು ಲೆನ್ಸ್ ಅಥವಾ ಕ್ಯಾಮೆರಾ ತಾನೇ ತಿದ್ದುವ ವ್ಯವಸ್ಥೆ) ಭಾಗಕ್ಕೆ ಹೋದವರು ಮತ್ತೆ ಅದೇ ಮಸುಕು ಚಿತ್ರಗಳೊಂದಿಗೆ ಹಿಂದಿರುಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಬೇಕಾದ ಸಾಮಗ್ರಿ

ನಿಮ್ಮಲ್ಲಿರುವ ಕ್ಯಾಮೆರಾ ಮತ್ತು ಲೆನ್ಸ್, ಕುತ್ತಿಗೆಯ ಪಟ್ಟಿ, ಒಂದು ಗಟ್ಟಿ ಮೇಜು, ಅದರ ಮೇಲೆ ಪೇರಿಸಲು ನಾಲ್ಕಾರು ದಪ್ಪ ಪುಸ್ತಕಗಳು, ಒಂದು ಅಳತೆಪಟ್ಟಿ, ಮತ್ತು ತಿಥಿ, ನಕ್ಷತ್ರ, ರಾಹುಕಾಲಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುವ ಒಂದು ಗೋಡೆ ಕ್ಯಾಲೆಂಡರ್ ಇದ್ದರೆ ಸಾಕು. ಪರೀಕ್ಷೆಗೆಂದು ಮಾರುವ ದುಬಾರಿ ಚಾರ್ಟುಗಳಿಗಿಂತ ಈ ಕ್ಯಾಲೆಂಡರ್ ನಮಗೆ ಅನುಕೂಲ. ಕನ್ನಡದ ಒತ್ತಕ್ಷರಗಳಷ್ಟು ಬೇಗ ಅಲುಗಾಟವನ್ನು ಬಯಲು ಮಾಡುವ ಗುರುತು ಇನ್ನೊಂದಿಲ್ಲ.

ಹಂತ 1: ಮಸುಕು ಯಾವ ಬಗೆಯದೆಂದು ಮೊದಲು ತಿಳಿಯಿರಿ

ಚಿತ್ರವನ್ನು ಕಂಪ್ಯೂಟರಿನಲ್ಲಿ ಶೇಕಡಾ 100ರ ಗಾತ್ರದಲ್ಲಿ ತೆರೆದು, ಮೊದಲು ನಡುಭಾಗವನ್ನೂ ಅನಂತರ ನಾಲ್ಕು ಮೂಲೆಗಳನ್ನೂ ನೋಡಿ. ಚಿತ್ರದಲ್ಲಿ ಎಲ್ಲಿಯಾದರೂ ಸಣ್ಣ ದೀಪವೋ, ನೀರಿನ ಮೇಲಿನ ಹೊಳಪಿನ ಚುಕ್ಕೆಯೋ ಇದ್ದರೆ ಅದನ್ನೇ ಹುಡುಕಿ, ಏಕೆಂದರೆ ಕ್ಯಾಮೆರಾ ಹೇಗೆ ಸರಿಯಿತೆಂಬುದನ್ನು ಅಂಥ ಚುಕ್ಕೆಯೇ ಬರೆದಿಟ್ಟಿರುತ್ತದೆ.

ವಿಧಾನಸೌಧಕ್ಕೆ ದೀಪಾಲಂಕಾರ ಇದ್ದ ಒಂದು ಸಂಜೆ ಕಲಿಕೆಯವರೊಬ್ಬರು ತೆಗೆದ ಚಿತ್ರವನ್ನು ಹೀಗೆ ಹಿಗ್ಗಿಸಿ ನೋಡಿದೆವು. ಯಾವ ದೀಪವೂ ದುಂಡನೆಯ ಚುಕ್ಕೆಯಾಗಿರಲಿಲ್ಲ. ಪ್ರತಿಯೊಂದೂ ತಲೆಕೆಳಗಾದ ಅಲ್ಪವಿರಾಮದಂತಿತ್ತು. ಬುಡದಲ್ಲಿ ದಪ್ಪನೆಯ ಬೆಳಕು, ಅದರಿಂದ ಮೇಲಕ್ಕೆದ್ದು ತೆಳುವಾಗುವ ಬಾಲ. ಗುಮ್ಮಟದ ಹತ್ತಿರದ ದೀಪಕ್ಕೂ, ಮೆಟ್ಟಿಲ ಪಕ್ಕದ ದೀಪಕ್ಕೂ, ರಸ್ತೆ ಬದಿಯ ಕಂಬದ ದೀಪಕ್ಕೂ ಅದೇ ಆಕಾರ, ಅಷ್ಟೇ ಉದ್ದ. ಕ್ಯಾಮೆರಾ ಕೆಳಗೆ ವಾಲಿದಾಗ ಚೌಕಟ್ಟಿನೊಳಗಿನ ದೃಶ್ಯ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಆ ಬಾಲವು ಗುಂಡಿ ಒತ್ತಿದ ಗಳಿಗೆಯಲ್ಲಿ ಕ್ಯಾಮೆರಾದ ಮೂತಿ ಕೆಳಗೆ ಬಗ್ಗಿದೆ ಎಂಬುದನ್ನು ಹೇಳುತ್ತಿತ್ತು. ದೋಷ ಲೆನ್ಸಿನದಲ್ಲ, ಬೆರಳಿನದು ಎಂದು ಅವರಿಗೆ ತೋರಿಸಲು ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ.

ಚೌಕಟ್ಟಿನಲ್ಲಿರುವ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಎಳೆದಂತಿದ್ದರೆ ಅದು ಕ್ಯಾಮೆರಾದ ಅಲುಗಾಟ. ನಡುಭಾಗ ಸ್ಪಷ್ಟವಾಗಿದ್ದು ಮೂಲೆಗಳಲ್ಲಿ ಮಾತ್ರ ಚುಕ್ಕೆಗಳು ಸಣ್ಣ ಕಮಾನುಗಳಂತೆ ಬಾಗಿದ್ದರೆ, ಕ್ಯಾಮೆರಾ ಲೆನ್ಸಿನ ಅಕ್ಷದ ಸುತ್ತ ತಿರುಗಿದೆ ಎಂದರ್ಥ. ಗುಂಡಿಯನ್ನು ಜೋರಾಗಿ ಒತ್ತುವವರ ಕ್ಯಾಮೆರಾದ ಬಲಮೂಲೆ ಕುಸಿಯುವುದರಿಂದ ಇದು ಆಗುತ್ತದೆ.

ಇನ್ನು ಅಲುಗಾಟವಲ್ಲದ ಮಸುಕುಗಳು. ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕಟ್ಟುತ್ತಿರುವ ಅಮ್ಮನ ಬೆರಳುಗಳು ಮಾತ್ರ ಮಸುಕಾಗಿ, ಅವರ ಮುಂದಿನ ಬುಟ್ಟಿಯ ಹೆಣಿಗೆ ಎಳೆ ಎಳೆಯಾಗಿ ಕಾಣುತ್ತಿದ್ದರೆ ಅದು ಬೆರಳುಗಳ ಚಲನೆ. ಅವರ ಮುಖ ಮೆತ್ತಗಾಗಿ, ಹಿಂದಿನ ತಕ್ಕಡಿ ಅಥವಾ ಮುಂದಿನ ಮಲ್ಲಿಗೆ ಮೊಗ್ಗು ಸ್ಪಷ್ಟವಾಗಿದ್ದರೆ ಅದು ತಪ್ಪಿದ ಫೋಕಸ್. ಎಲ್ಲೆಡೆ ಹಾಲು ಚೆಲ್ಲಿದಂತಹ ಮಂಕು ಹರಡಿ ದೀಪಗಳ ಸುತ್ತ ಪ್ರಭೆ ಕಟ್ಟಿದ್ದರೆ ಲೆನ್ಸಿನ ಮೇಲೆ ಬೆರಳಚ್ಚೋ ತೇವವೋ ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೆಬ್ಬಾಳ ಕೆರೆಯ ಆಚೆ ದಡದ ಹೆಜ್ಜಾರ್ಲೆ ಹಕ್ಕಿಯ ಅಂಚುಗಳು ನೀರಿನಲ್ಲಿ ಅದ್ದಿದಂತೆ ತರಂಗತರಂಗವಾಗಿದ್ದರೆ ಅದು ಕಾದ ಗಾಳಿಯ ಕೆಲಸ. ಅದಕ್ಕೆ ಹತ್ತಿರ ಹೋಗುವುದು ಅಥವಾ ಬೆಳಗ್ಗೆ ಬೇಗ ಬರುವುದು ಬಿಟ್ಟರೆ ಪರಿಹಾರವಿಲ್ಲ. ಈ ನಾಲ್ಕರಲ್ಲಿ ಯಾವುದಕ್ಕೂ ಮುಂದಿನ ಹಂತಗಳು ಮದ್ದಲ್ಲ. ಬೆರಳುಗಳ ಚಲನೆಯ ವಿಷಯ ಮಾತ್ರ ಐದನೆಯ ಹಂತದಲ್ಲಿ ಮತ್ತೆ ಬರುತ್ತದೆ.

ಹಂತ 2: ಎಷ್ಟು ಅಲುಗಿದರೆ ಎಷ್ಟು ಮಸುಕು ಎಂಬ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಿ

ನಾವು ಎಷ್ಟೇ ಬಿಗಿಯಾಗಿ ನಿಂತರೂ ಸ್ನಾಯುಗಳು ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಸಣ್ಣಗೆ ನಡುಗುತ್ತಲೇ ಇರುತ್ತವೆ. ಇದು ಆರೋಗ್ಯವಂತರಲ್ಲೂ ಇರುವ ಸಹಜ ನಡುಕ. ಇದರ ಮೇಲೆ ಉಸಿರಾಟದ ನಿಧಾನವಾದ ಏರಿಳಿತ ಮತ್ತು ಗುಂಡಿ ಒತ್ತುವಾಗಿನ ಹಠಾತ್ ಕುಸಿತ ಸೇರುತ್ತವೆ. ಇವೆಲ್ಲವೂ ಕ್ಯಾಮೆರಾವನ್ನು ಒಂದು ಕೋನದಷ್ಟು ವಾಲಿಸುತ್ತವೆ. ಆ ಕೋನವನ್ನು (ಡಿಗ್ರಿಯಲ್ಲಲ್ಲ, ರೇಡಿಯನ್ ಅಳತೆಯಲ್ಲಿ) ಲೆನ್ಸಿನ ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವ ಅಂಕಿಯಿಂದ, ಗುಣಿಸಿದಷ್ಟು ದೂರ ಚಿತ್ರವು ಸೆನ್ಸರಿನ (ಬೆಳಕನ್ನು ಹಿಡಿಯುವ ಫಲಕದ) ಮೇಲೆ ಜಾರುತ್ತದೆ.

24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (35 ಮಿಲಿಮೀಟರ್ ಫಿಲ್ಮಿನ ಗಾತ್ರದ) ಸೆನ್ಸರಿನಲ್ಲಿ 36 ಮಿಲಿಮೀಟರ್ ಅಗಲದಲ್ಲಿ 6000 ಪಿಕ್ಸೆಲ್‌ಗಳಿರುವುದರಿಂದ ಒಂದು ಪಿಕ್ಸೆಲ್ 6 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಗಲವಿರುತ್ತದೆ. ಷಟರ್ ತೆರೆದಿರುವಾಗ ಕ್ಯಾಮೆರಾ ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟು ವಾಲಿತೆಂದುಕೊಳ್ಳಿ. 50 ಮಿಲಿಮೀಟರ್ ಲೆನ್ಸಿನಲ್ಲಿ ಚಿತ್ರ ಸುಮಾರು ಒಂದೂವರೆ ಪಿಕ್ಸೆಲ್‌ನಷ್ಟು ಜಾರುತ್ತದೆ. 200 ಮಿಲಿಮೀಟರ್ ಲೆನ್ಸಿನಲ್ಲಿ ಅಷ್ಟೇ ವಾಲಿಕೆಗೆ ಸುಮಾರು ಆರು ಪಿಕ್ಸೆಲ್. ಅದೇ 200 ಮಿಲಿಮೀಟರ್ ಲೆನ್ಸನ್ನು 24 ಮೆಗಾಪಿಕ್ಸೆಲ್‌ನ, ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಕ್ಕೆ ಹಾಕಿದರೆ, ಅಲ್ಲಿ ಪಿಕ್ಸೆಲ್ ನಾಲ್ಕು ಮೈಕ್ರಾನಿಗಿಂತ ತುಸು ಚಿಕ್ಕದಿರುವ ಕಾರಣ, ಸುಮಾರು ಒಂಬತ್ತು ಪಿಕ್ಸೆಲ್ ಆಗುತ್ತದೆ.

ಷಟರ್ ವೇಗವು ಫೋಕಲ್ ಲೆಂತ್‌ನ ವಿಲೋಮಕ್ಕಿಂತ ನಿಧಾನವಾಗಬಾರದು ಎಂಬ ಹಳೆಯ ನಿಯಮ ಹುಟ್ಟಿದ್ದು ಈ ಲೆಕ್ಕದಿಂದಲೇ. 50 ಮಿಲಿಮೀಟರಿಗೆ 1/50 ಸೆಕೆಂಡ್, 200ಕ್ಕೆ 1/200. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕದು) ಇದ್ದರೆ ಫೋಕಲ್ ಲೆಂತ್ ಅನ್ನು ನಿಕಾನ್, ಸೋನಿ, ಫ್ಯೂಜಿ ಕ್ಯಾಮೆರಾಗಳಲ್ಲಿ 1.5ರಿಂದಲೂ, ಕ್ಯಾನನ್‌ನಲ್ಲಿ 1.6ರಿಂದಲೂ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2ರಿಂದಲೂ ಗುಣಿಸಿ ಆಮೇಲೆ ವಿಲೋಮ ತೆಗೆಯಬೇಕು. ಆದರೆ ಈ ನಿಯಮ ಫಿಲ್ಮಿನ ಕಾಲದ, ಕೈಯಲ್ಲಿ ಹಿಡಿದು ನೋಡುವ ಸಾಧಾರಣ ಗಾತ್ರದ ಮುದ್ರಿತ ಚಿತ್ರಕ್ಕೆ ಸಾಕಾಗುತ್ತಿದ್ದ ಅಂದಾಜು. ಇಂದು ನಾವು ಪಿಕ್ಸೆಲ್ ಪಿಕ್ಸೆಲ್ ಆಗಿ ಹಿಗ್ಗಿಸಿ ನೋಡುವಾಗ ಅದರ ದುಪ್ಪಟ್ಟು ವೇಗ ಬೇಕಾಗುವುದು ಸಾಮಾನ್ಯ. ಎಷ್ಟು ಬೇಕು ಎಂಬುದು ಒಬ್ಬೊಬ್ಬರ ಕೈಗೆ ಒಂದೊಂದು ರೀತಿ. ಆದ್ದರಿಂದ ನಿಯಮವನ್ನು ನಂಬುವ ಬದಲು ಅಳೆಯಬೇಕು.

ಹಂತ 3: ನಿಮ್ಮ ಕೈಯ ಮಿತಿಯನ್ನು ಅಳೆಯಿರಿ

ಈ ಹಂತಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಉಳಿದೆಲ್ಲ ಹಂತಗಳು ಇದರ ಮೇಲೆ ನಿಂತಿವೆ.

ಕ್ಯಾಲೆಂಡರನ್ನು ಹಗಲಿನ ಬೆಳಕು ಬೀಳುವ ಗೋಡೆಗೆ, ನಿಮ್ಮ ಕಣ್ಣಿನ ಮಟ್ಟಕ್ಕೆ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗಳಿಗೆ ಟೇಪ್ ಹಾಕಿ ಅಂಟಿಸಿ. ಫ್ಯಾನ್ ಆರಿಸಿ. ಲೆನ್ಸಿನ ಫೋಕಲ್ ಲೆಂತ್‌ನ ಸುಮಾರು ಮೂವತ್ತು ಪಟ್ಟು ದೂರದಲ್ಲಿ ನೆಲದ ಮೇಲೆ ಗುರುತು ಹಾಕಿಕೊಳ್ಳಿ: 50 ಮಿಲಿಮೀಟರಿಗೆ ಒಂದೂವರೆ ಮೀಟರ್, 200ಕ್ಕೆ ಆರು ಮೀಟರ್. ಮನೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಅಪಾರ್ಟ್‌ಮೆಂಟಿನ ಕಾರಿಡಾರ್ ಅಥವಾ ಮಹಡಿಯ ಮೇಲಿನ ತಾರಸಿ ಆಗಬಹುದು.

ಮೊದಲು ಆಧಾರಚಿತ್ರ ತೆಗೆಯಬೇಕು. ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ ಕ್ಯಾಮೆರಾ ಕೂರಿಸಿ, ಸ್ಟೆಬಿಲೈಸೇಶನ್ ಆರಿಸಿ, ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು) ಎಫ್/5.6ಕ್ಕೆ ಇಟ್ಟು, ಎರಡು ಸೆಕೆಂಡ್ ಟೈಮರ್ ಬಳಸಿ, ಕೈ ಮುಟ್ಟಿಸದೆ ಒಂದು ಚಿತ್ರ ತೆಗೆಯಿರಿ. ನಿಮ್ಮ ಲೆನ್ಸ್ ಕೊಡಬಲ್ಲ ಅತ್ಯುತ್ತಮ ಸ್ಪಷ್ಟತೆ ಇದು. ಇದನ್ನು ಬಿಟ್ಟು ಮುಂದುವರಿದವರು ಕೊನೆಗೆ ಕೈಯನ್ನು ದೂರಬೇಕೋ ಲೆನ್ಸನ್ನು ದೂರಬೇಕೋ ತಿಳಿಯದೆ ನಿಲ್ಲುತ್ತಾರೆ. ಈ ಚಿತ್ರವನ್ನು ಹಿಗ್ಗಿಸಿ, ‘ಷಷ್ಠಿ’ ಎಂದು ಅಚ್ಚಾಗಿರುವ ಕಡೆ ನೋಡಿ. ಠಕಾರದ ಒತ್ತಿನ ಒಳಗೊಂದು ಚುಕ್ಕೆ ಇರುತ್ತದೆ. ಆ ಚುಕ್ಕೆ ಸುತ್ತಲಿನ ವೃತ್ತಕ್ಕೆ ಅಂಟಿಕೊಳ್ಳದೆ ಬೇರೆಯಾಗಿ ಕಾಣಬೇಕು. ಕಾಣದಿದ್ದರೆ ತುಸು ಹತ್ತಿರ ಸರಿದು ಆಧಾರಚಿತ್ರವನ್ನು ಮತ್ತೆ ತೆಗೆಯಿರಿ, ಮತ್ತು ಹೊಸ ದೂರವನ್ನೇ ಗುರುತು ಮಾಡಿಕೊಳ್ಳಿ.

ಈಗ ಕ್ಯಾಮೆರಾ ಕೈಗೆತ್ತಿಕೊಳ್ಳಿ. ಮ್ಯಾನ್ಯುಯಲ್ ಮೋಡ್, ಎಫ್/5.6, ಆಟೋ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಅದೇ ಏರಿಸಿ ಇಳಿಸುವ ಆಯ್ಕೆ). 50 ಮಿಲಿಮೀಟರ್ ಲೆನ್ಸಾದರೆ ಷಟರ್ ವೇಗವನ್ನು 1/200ರಿಂದ ಆರಂಭಿಸಿ 1/100, 1/50, 1/25, 1/13 ಹೀಗೆ ಇಳಿಸುತ್ತಾ ಪ್ರತಿ ವೇಗದಲ್ಲೂ ಹತ್ತು ಚಿತ್ರಗಳನ್ನು ತೆಗೆಯಿರಿ. ಪ್ರತಿ ಚಿತ್ರದ ನಂತರ ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಇಳಿಸಿ ಮತ್ತೆ ಎತ್ತಬೇಕು. ಒಮ್ಮೆ ಎತ್ತಿದವರು ಹತ್ತನ್ನೂ ಸಾಲಾಗಿ ಕ್ಲಿಕ್ಕಿಸಿದರೆ, ಅಳೆದದ್ದು ಒಂದೇ ನಿಲುವನ್ನು. ಬೀದಿಯಲ್ಲಿ ನೀವು ಪ್ರತಿ ಸಲವೂ ಹೊಸದಾಗಿ ಕ್ಯಾಮೆರಾ ಎತ್ತುತ್ತೀರಿ.

ಚಿತ್ರಗಳನ್ನು ಆಧಾರಚಿತ್ರದ ಪಕ್ಕದಲ್ಲಿಟ್ಟು ಎಣಿಸಿ. ಐಎಸ್‌ಒ ಏರಿದಾಗ ಬರುವ ನಾಯ್ಸನ್ನು (ಮರಳು ಚೆಲ್ಲಿದಂತಹ ಚುಕ್ಕೆಗಳನ್ನು) ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ; ಒತ್ತಿನ ಚುಕ್ಕೆ ಬೇರೆಯಾಗಿದೆಯೇ, ಅಕ್ಷರದ ಅಂಚು ಎಳೆದಂತಿದೆಯೇ ಎಂಬುದಷ್ಟನ್ನೇ ನೋಡಿ. ಹತ್ತರಲ್ಲಿ ಕನಿಷ್ಠ ಎಂಟು ಚಿತ್ರಗಳು ಆಧಾರಚಿತ್ರಕ್ಕೆ ಸಮನಾಗಿರುವ ಅತ್ಯಂತ ನಿಧಾನದ ವೇಗವೇ ನಿಮ್ಮ ಕೈಯ ಮಿತಿ. ಒಂದು ಚಿತ್ರ ಚೆನ್ನಾಗಿ ಬಂತೆಂದು 1/25 ಅನ್ನು ಮಿತಿಯೆಂದು ಬರೆದುಕೊಳ್ಳುವುದು ಈ ಹಂತದ ಅತಿ ದೊಡ್ಡ ತಪ್ಪು. ಅದು ಅದೃಷ್ಟದ ಚಿತ್ರ. ಮದುವೆ ಮನೆಯಲ್ಲಿ ತಾಳಿ ಕಟ್ಟುವ ಕ್ಷಣದಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು.

ಇಷ್ಟೂ ಪರೀಕ್ಷೆಯನ್ನು ಸ್ಟೆಬಿಲೈಸೇಶನ್ ಹಾಕಿಕೊಂಡು ಮತ್ತೊಮ್ಮೆ ಮಾಡಿ. ಜೂಮ್ ಲೆನ್ಸಾದರೆ ಎರಡು ತುದಿಗಳಲ್ಲೂ ಬೇರೆ ಬೇರೆಯಾಗಿ ಮಾಡಿ. ಬಂದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾ ಚೀಲದಲ್ಲಿಡಿ. ಮೂರು ಮಹಡಿ ಮೆಟ್ಟಿಲು ಹತ್ತಿ ಬಂದು ಏದುಸಿರಿನಲ್ಲಿ ಇದೇ ಪರೀಕ್ಷೆ ಮಾಡಿದರೆ ಮಿತಿ ಎಷ್ಟು ಕೆಡುತ್ತದೆ ಎಂಬುದನ್ನೂ ಒಮ್ಮೆ ನೋಡಿ. ನಂದಿಬೆಟ್ಟದ ಮೆಟ್ಟಿಲುಗಳನ್ನು ಹತ್ತಿದ ಕೂಡಲೇ ಕ್ಯಾಮೆರಾ ತೆಗೆಯುವ ಅಭ್ಯಾಸ ಆಮೇಲೆ ತಾನಾಗಿಯೇ ನಿಲ್ಲುತ್ತದೆ.

ಹಂತ 4: ನಿಲುವು, ಹಿಡಿತ, ಬೆರಳು

ಎಡ ಅಂಗೈಯನ್ನು ಮೇಲ್ಮುಖ ಮಾಡಿ, ಲೆನ್ಸಿನ ತೂಕವೆಲ್ಲ ಅದರ ಮೇಲೆ ಕೂರುವಂತೆ ಕೆಳಗಿನಿಂದ ಹಿಡಿಯಿರಿ. ಲೆನ್ಸಿನ ಎರಡು ಪಕ್ಕಗಳನ್ನು ಬೆರಳುಗಳಿಂದ ಚಿವುಟಿ ಹಿಡಿಯುವವರ ಮೊಣಕೈ ಗಾಳಿಯಲ್ಲಿ ತೇಲುತ್ತಿರುತ್ತದೆ. ಎರಡೂ ಮೊಣಕೈಗಳು ಪಕ್ಕೆಲುಬಿಗೆ ಒತ್ತಿರಬೇಕು. ಕಾಲುಗಳು ಭುಜದಷ್ಟು ಅಗಲದಲ್ಲಿ, ಒಂದು ತುಸು ಮುಂದೆ ಇರಬೇಕು. ವ್ಯೂಫೈಂಡರ್ ಇದ್ದರೆ ಅದರ ರಬ್ಬರನ್ನು ಹುಬ್ಬಿಗೆ ಒತ್ತಿಕೊಳ್ಳಿ, ಆಗ ಕ್ಯಾಮೆರಾಕ್ಕೆ ಎರಡು ಕೈಗಳ ಜೊತೆಗೆ ತಲೆಯೂ ಮೂರನೆಯ ಆಸರೆಯಾಗುತ್ತದೆ. ಪರದೆ ನೋಡಿಯೇ ತೆಗೆಯಬೇಕಾದ ಕ್ಯಾಮೆರಾವಾದರೆ, ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಅದು ಬಿಗಿಯಾಗುವವರೆಗೆ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಹಿಡಿಯಿರಿ.

ಬೆರಳಿನ ವಿಷಯಕ್ಕೆ ಹೆಚ್ಚು ಗಮನ ಬೇಕು. ತೋರುಬೆರಳು ಗುಂಡಿಯ ಮೇಲೆ ಮೊದಲಿನಿಂದಲೇ ಕೂತಿರಬೇಕು, ಮೇಲಿನಿಂದ ಬಂದು ಕುಕ್ಕಬಾರದು. ಅರ್ಧ ಒತ್ತಿ ತಡೆಯಿರಿ. ಉಸಿರನ್ನು ನಿಧಾನವಾಗಿ ಬಿಡುತ್ತಾ ಅರ್ಧದಲ್ಲಿ ನಿಲ್ಲಿಸಿ. ಆಗ ಬೆರಳಿನ ತಿರುಳನ್ನು ಗುಂಡಿಯ ಮೇಲೆ ಉರುಳಿಸಿದಂತೆ ಒತ್ತಿ. ಕ್ಲಿಕ್ ಸದ್ದು ಕೇಳಿದ ಮೇಲೂ ಒಂದು ಗಳಿಗೆ ಬೆರಳನ್ನು ಎತ್ತಬೇಡಿ, ಕ್ಯಾಮೆರಾ ಇಳಿಸಬೇಡಿ. ಚಿತ್ರ ಹೇಗೆ ಬಂತೆಂದು ನೋಡುವ ಆತುರದಲ್ಲಿ ಷಟರ್ ಮುಚ್ಚುವ ಮೊದಲೇ ಕ್ಯಾಮೆರಾ ಇಳಿಸಿಬಿಡುವವರು ಅನೇಕರಿದ್ದಾರೆ, ಮತ್ತು ಅವರಿಗೆ ಅದು ತಿಳಿದಿರುವುದಿಲ್ಲ.

ಉಸಿರನ್ನು ತುಂಬಿಕೊಂಡು ಬಿಗಿಹಿಡಿಯುವುದು ತಪ್ಪು. ಕೆಲವೇ ಸೆಕೆಂಡುಗಳಲ್ಲಿ ನಡುಕ ಹೆಚ್ಚುತ್ತದೆ. ಮೂರು ಚಿತ್ರಗಳ ಸಣ್ಣ ಬರ್ಸ್ಟ್ ತೆಗೆದರೆ ಲಾಭವುಂಟು, ಏಕೆಂದರೆ ಒತ್ತುವ ಕುಸಿತ ಮೊದಲ ಚಿತ್ರದಲ್ಲೂ ಬಿಡುವ ಕುಸಿತ ಕೊನೆಯದರಲ್ಲೂ ಸೇರಿ, ನಡುವಿನದು ಹೆಚ್ಚು ಸಲ ಶುದ್ಧವಾಗಿ ಉಳಿಯುತ್ತದೆ.

ಈ ಅಭ್ಯಾಸ ಒಂದು ವಾರ ನಡೆದ ಮೇಲೆ ಕ್ಯಾಲೆಂಡರ್ ಪರೀಕ್ಷೆಯನ್ನು ಪುನಃ ಮಾಡಿ, ಚೀಟಿಯ ಅಂಕಿಗಳನ್ನು ತಿದ್ದಿ.

ಹಂತ 5: ಷಟರ್ ವೇಗವನ್ನು ಕ್ಯಾಮೆರಾದಲ್ಲಿ ಕಟ್ಟಿಹಾಕಿ

ಕೈಯ ಮಿತಿ ತಿಳಿದ ಮೇಲೆ ಅದನ್ನು ನೆನಪಿಗೆ ಬಿಡಬಾರದು, ಕ್ಯಾಮೆರಾಕ್ಕೆ ಒಪ್ಪಿಸಬೇಕು. ಬಹುತೇಕ ಕ್ಯಾಮೆರಾಗಳ ಆಟೋ ಐಎಸ್‌ಒ ಪಟ್ಟಿಯಲ್ಲಿ ಕನಿಷ್ಠ ಷಟರ್ ವೇಗ ಎಂಬ ಆಯ್ಕೆ ಇರುತ್ತದೆ. ಅಲ್ಲಿ ನಿಮ್ಮ ಅಂಕಿಯನ್ನು ನಮೂದಿಸಿದರೆ ಬೆಳಕು ಕಡಿಮೆಯಾದಾಗ ಕ್ಯಾಮೆರಾ ಷಟರನ್ನು ನಿಧಾನಗೊಳಿಸುವ ಬದಲು ಐಎಸ್‌ಒ ಏರಿಸುತ್ತದೆ. ಗರಿಷ್ಠ ಐಎಸ್‌ಒ ಅನ್ನು 800ಕ್ಕೋ 1600ಕ್ಕೋ ಕಟ್ಟಿಟ್ಟಿರುವವರು ಎಚ್ಚರ ವಹಿಸಬೇಕು: ಆ ಗಡಿ ಮುಟ್ಟಿದ ಕೂಡಲೇ ಅನೇಕ ಕ್ಯಾಮೆರಾಗಳು ನಿಮ್ಮ ಕನಿಷ್ಠ ವೇಗವನ್ನು ಮೀರಿ ಷಟರನ್ನು ಸದ್ದಿಲ್ಲದೆ ನಿಧಾನಗೊಳಿಸುತ್ತವೆ. ಕಡಿಮೆ ಬೆಳಕಿನ ಮಸುಕು ಚಿತ್ರಗಳ ಮೂಲ ಎಷ್ಟೋ ಸಲ ಇದೇ ಆಗಿರುತ್ತದೆ.

ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯ ಒಳಗೆ ಎಫ್/4, ಐಎಸ್‌ಒ 100ರಲ್ಲಿ ಸರಿಯಾದ ಬೆಳಕಿಗೆ 1/4 ಸೆಕೆಂಡ್ ಬೇಕಾಯಿತೆಂದುಕೊಳ್ಳಿ. ಯಾವ ಕೈಯೂ ಅಷ್ಟು ಹೊತ್ತು ನಿಲ್ಲದು. ಐಎಸ್‌ಒ 1600ಕ್ಕೆ ಏರಿಸಿದರೆ ಅದು 1/60 ಆಗುತ್ತದೆ, 6400ಕ್ಕೆ ಏರಿಸಿದರೆ 1/250. ಅಥವಾ 1600ರಲ್ಲೇ ಉಳಿದು ಅಪರ್ಚರನ್ನು ಎಫ್/2ಕ್ಕೆ ತೆರೆದರೂ 1/250 ಸಿಗುತ್ತದೆ. ನನ್ನನ್ನು ಕೇಳಿದರೆ ಐಎಸ್‌ಒ ಏರಿಸಲು ಅಂಜಬೇಡಿ. ನಾಯ್ಸನ್ನು ಸಾಫ್ಟ್‌ವೇರ್ ಬಹುಮಟ್ಟಿಗೆ ತೊಡೆದುಹಾಕುತ್ತದೆ. ಅಲುಗಾಟದಲ್ಲಿ ಕಲಸಿಹೋದ ಕಣ್ರೆಪ್ಪೆಗಳನ್ನು ಯಾವ ಸಾಫ್ಟ್‌ವೇರೂ ಇದ್ದಂತೆ ಮರಳಿಸದು.

ಕೈಯ ಮಿತಿಯ ಜೊತೆಗೆ ಎದುರಿನವರ ಚಲನೆಗೂ ವೇಗ ಬೇಕು. ಕುಳಿತು ಮಾತನಾಡುವವರಿಗೆ 1/125, ನಡೆಯುವವರಿಗೆ 1/250, ಓಡುವ ಮಕ್ಕಳಿಗೆ 1/500, ಹಾರುವ ಹಕ್ಕಿಗೆ 1/1600 ಅಥವಾ ಹೆಚ್ಚು ಎಂಬುದು ನಾನು ಅನುಸರಿಸುವ ಅಂದಾಜು. ಎರಡು ಅಂಕಿಗಳಲ್ಲಿ ಯಾವುದು ವೇಗದ್ದೋ ಅದನ್ನು ಆರಿಸಿ.

ಜೂಮ್ ಲೆನ್ಸ್ ಬಳಸುವವರ ಸಾಮಾನ್ಯ ತಪ್ಪು ಇನ್ನೊಂದಿದೆ. 70-300 ಲೆನ್ಸಿನ 70ರ ತುದಿಯಲ್ಲಿ ಕನಿಷ್ಠ ವೇಗವನ್ನು 1/125 ಎಂದು ಕಟ್ಟಿ, ಜಕ್ಕೂರು ಕೆರೆಯಲ್ಲಿ ಮಿಂಚುಳ್ಳಿ ಕಂಡ ಕೂಡಲೇ 300ಕ್ಕೆ ಜೂಮ್ ಮಾಡುತ್ತಾರೆ. 1.5 ಕ್ರಾಪ್ ಕ್ಯಾಮೆರಾದಲ್ಲಿ ಅದು 450ಕ್ಕೆ ಸಮ. ಸ್ಟೆಬಿಲೈಸೇಶನ್ ಇಲ್ಲದೆ 1/500 ಆದರೂ ಬೇಕು. ಕನಿಷ್ಠ ವೇಗವನ್ನು ಫೋಕಲ್ ಲೆಂತ್‌ಗೆ ತಕ್ಕಂತೆ ತಾನೇ ಬದಲಿಸುವ ಆಟೋ ಆಯ್ಕೆ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ಆರಿಸಿ, ವೇಗದ ಕಡೆಗೆ ಒಂದು ಹೆಜ್ಜೆ ಸರಿಸಿಡಿ.

ಹಂತ 6: ಸ್ಟೆಬಿಲೈಸೇಶನ್‌ಗೆ ಅದರ ಕೆಲಸವನ್ನಷ್ಟೇ ಕೊಡಿ

ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್, ಸೋನಿಯಲ್ಲಿ ಓಎಸ್‌ಎಸ್, ಟ್ಯಾಮ್ರಾನ್‌ನಲ್ಲಿ ವಿಸಿ ಎಂದು ಹೆಸರು ಬೇರೆಯಾದರೂ ಲೆನ್ಸಿನೊಳಗಿನ ಕೆಲಸ ಒಂದೇ. ಸಣ್ಣ ಗೈರೋ ಸೆನ್ಸರುಗಳು ವಾಲಿಕೆಯನ್ನು ಅಳೆಯುತ್ತವೆ, ಒಂದು ಗಾಜಿನ ಗುಂಪು ಅದಕ್ಕೆ ವಿರುದ್ಧವಾಗಿ ಸರಿಯುತ್ತದೆ. ಕ್ಯಾಮೆರಾದೊಳಗಿನ ವ್ಯವಸ್ಥೆಯಲ್ಲಿ ಸೆನ್ಸರೇ ಸರಿಯುತ್ತದೆ; ಮೊದಲ ಹಂತದಲ್ಲಿ ಹೇಳಿದ, ಅಕ್ಷದ ಸುತ್ತಲಿನ ತಿರುಗುವಿಕೆಯನ್ನು ಅದು ಮಾತ್ರ ಸರಿಪಡಿಸಬಲ್ಲದು.

ಈ ವ್ಯವಸ್ಥೆಯ ಲಾಭವನ್ನು ಸ್ಟಾಪ್‌ಗಳಲ್ಲಿ ಹೇಳುತ್ತಾರೆ. ಒಂದು ಸ್ಟಾಪ್ ಎಂದರೆ ದುಪ್ಪಟ್ಟು, ಮೂರು ಸ್ಟಾಪ್ ಎಂದರೆ ಎಂಟು ಪಟ್ಟು, ನಾಲ್ಕು ಎಂದರೆ ಹದಿನಾರು ಪಟ್ಟು ನಿಧಾನದ ಷಟರ್. ಪೆಟ್ಟಿಗೆಯ ಮೇಲಿನ ಅಂಕಿ ನಿಗದಿತ ಪರೀಕ್ಷೆಯಲ್ಲಿ ಬಂದದ್ದು. ನಿಮಗೆ ಸಿಗುವುದೆಷ್ಟು ಎಂಬುದು ಕ್ಯಾಲೆಂಡರ್ ಪರೀಕ್ಷೆಯ ಎರಡನೆಯ ಸುತ್ತಿನಲ್ಲಿ ಈಗಾಗಲೇ ಬಂದಿದೆ, ಅದನ್ನೇ ನಂಬಿ.

ಅರ್ಧ ಒತ್ತಿದ ಮೇಲೆ ವ್ಯೂಫೈಂಡರಿನಲ್ಲಿ ಚಿತ್ರ ತೇಲಿ ನಿಲ್ಲುವವರೆಗೆ, ಅಂದರೆ ಅರ್ಧದಿಂದ ಒಂದು ಸೆಕೆಂಡಿನಷ್ಟು, ಕಾಯಬೇಕು. ಒಮ್ಮೆಗೇ ಪೂರ್ತಿ ಒತ್ತಿದರೆ ವ್ಯವಸ್ಥೆ ನೆಲೆ ಕಾಣುವ ಮೊದಲೇ ಚಿತ್ರ ಮುಗಿದಿರುತ್ತದೆ. ಹಿಂಬದಿಯ ಗುಂಡಿಯಿಂದ ಫೋಕಸ್ ಮಾಡುವವರು ಗಮನಿಸಬೇಕಾದದ್ದೊಂದಿದೆ: ಕೆಲವು ಕ್ಯಾಮೆರಾಗಳಲ್ಲಿ ಆ ಗುಂಡಿ ಸ್ಟೆಬಿಲೈಸೇಶನ್ ಅನ್ನು ಎಬ್ಬಿಸುವುದಿಲ್ಲ, ಷಟರ್ ಗುಂಡಿಯನ್ನು ಅರ್ಧ ಒತ್ತಿದಾಗಲೇ ಅದು ಏಳುತ್ತದೆ.

ಹಳೆಯ ಮ್ಯಾನ್ಯುಯಲ್ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಹೊಸ ಕ್ಯಾಮೆರಾಕ್ಕೆ ಹಾಕುವವರು ನಮ್ಮ ನಡುವೆ ಹೆಚ್ಚಾಗಿದ್ದಾರೆ. ಅಂಥ ಲೆನ್ಸ್ ತನ್ನ ಫೋಕಲ್ ಲೆಂತ್ ಅನ್ನು ಕ್ಯಾಮೆರಾಕ್ಕೆ ತಿಳಿಸುವುದಿಲ್ಲ; ನಾವೇ ಮೆನುವಿನಲ್ಲಿ ನಮೂದಿಸಬೇಕು. ಒಂದು ವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಾನು 135 ಮಿಲಿಮೀಟರಿನ ಲೆನ್ಸ್ ಹಾಕಿ, ಮೆನುವಿನಲ್ಲಿ ಹಿಂದಿನ ಲೆನ್ಸಿನ 50 ಹಾಗೆಯೇ ಉಳಿದಿದ್ದನ್ನು ನೋಡದೆ ಇಡೀ ಸಂಜೆ ಚಿತ್ರ ತೆಗೆದೆ. ಕ್ಯಾಮೆರಾ ತಿದ್ದಬೇಕಾದದ್ದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ತಿದ್ದಿತ್ತು. ಕಡಲೆಕಾಯಿ ರಾಶಿಯ ಮುಂದೆ ದೀಪ ಹಚ್ಚಿಕೊಂಡು ಕೂತಿದ್ದ ಅಜ್ಜಿಯ ಚಿತ್ರ ಆ ಸಂಜೆ ನನಗೆ ಉಳಿಯಲಿಲ್ಲ. ಇದಕ್ಕೆ ವಿರುದ್ಧವಾಗಿ, ಇರುವುದಕ್ಕಿಂತ ದೊಡ್ಡ ಅಂಕಿ ನಮೂದಾಗಿದ್ದರೆ ಸೆನ್ಸರ್ ಬೇಕಾದದ್ದಕ್ಕಿಂತ ಹೆಚ್ಚು ಸರಿದು ತಾನೇ ಹೊಸ ಅಲುಗಾಟ ಸೃಷ್ಟಿಸುತ್ತದೆ.

ಹೂವಿನ ಕೇಸರವನ್ನೋ ಇರುವೆಯನ್ನೋ ತೀರ ಹತ್ತಿರದಿಂದ ತೆಗೆಯುವವರಿಗೆ ಲೆಕ್ಕವೇ ಬೇರೆ. ಅಲ್ಲಿ ಕ್ಯಾಮೆರಾ ವಾಲುವುದಕ್ಕಿಂತ ಇಡಿಯಾಗಿ ಪಕ್ಕಕ್ಕೆ ಸರಿಯುವುದು ಹೆಚ್ಚು ಹಾನಿ ಮಾಡುತ್ತದೆ. ನಿಜಗಾತ್ರದ ಮ್ಯಾಕ್ರೋದಲ್ಲಿ ಕ್ಯಾಮೆರಾ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸರಿದರೆ 6 ಮೈಕ್ರಾನಿನ ಪಿಕ್ಸೆಲ್ ಲೆಕ್ಕದಲ್ಲಿ ಹದಿನಾರಕ್ಕೂ ಹೆಚ್ಚು ಪಿಕ್ಸೆಲ್ ಮಸುಕು. ದೂರದ ಬೆಟ್ಟದ ಚಿತ್ರದಲ್ಲಿ ಅಷ್ಟೇ ಸರಿತ ಲೆಕ್ಕಕ್ಕೇ ಬರುವುದಿಲ್ಲ. ವಾಲಿಕೆಯನ್ನಷ್ಟೇ ಅಳೆಯುವ ವ್ಯವಸ್ಥೆಗಳು ಇದನ್ನು ತಡೆಯಲಾರವು. ಅಲ್ಲಿ ಫ್ಲ್ಯಾಶ್ ಬಳಸುವುದು ಅಥವಾ 1/250ಕ್ಕೆ ಏರುವುದು ಉತ್ತಮ.

ಹಂತ 7: ಕ್ಯಾಮೆರಾದೊಳಗಿನ ನಡುಕವನ್ನು ಪರೀಕ್ಷಿಸಿ

ಎಲ್ಲವನ್ನೂ ಸರಿಯಾಗಿ ಮಾಡಿದರೂ 1/60ರಿಂದ 1/200ರ ನಡುವೆ ಅಕ್ಷರಗಳ ಅಂಚು ಜೋಡಿ ಗೆರೆಯಾಗಿ ಬರುತ್ತಿದ್ದು, ಅದಕ್ಕಿಂತ ನಿಧಾನದ ವೇಗದಲ್ಲಿ ಅಂಚು ಸರಿಯಾಗಿದ್ದರೆ, ಅದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದ ಷಟರ್ ಪರದೆ ಬಡಿಯುವ ಪೆಟ್ಟಿರಬಹುದು. ಷಟರಿನ ಮೊದಲ ಪರದೆ ಬಡಿಯದಂತೆ ಮಾಡುವ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಎಂಬ ಆಯ್ಕೆಯನ್ನು ಹಾಕಿ ಕ್ಯಾಲೆಂಡರನ್ನು ಮತ್ತೆ ತೆಗೆದು ನೋಡಿ. ಪೂರ್ತಿ ಎಲೆಕ್ಟ್ರಾನಿಕ್ ಷಟರ್ ಆ ಪೆಟ್ಟನ್ನು ಇಲ್ಲವಾಗಿಸುತ್ತದೆ, ಆದರೆ ಕಲ್ಯಾಣ ಮಂಟಪಗಳ ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟಿಗಳನ್ನು ತರಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಇಂಥ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಪಟ್ಟಿಗಳು ಕಂಡರೆ 1/100 ಅಥವಾ 1/50ಕ್ಕೆ ಬನ್ನಿ.

ಹಂತ 8: ಆಸರೆ ಆರಿಸುವಾಗ ಅದು ತಾನೇ ನಡುಗುತ್ತಿಲ್ಲವೇ ನೋಡಿ

ಮರದ ಬೊಡ್ಡೆ, ಕಲ್ಲಿನ ಕಂಬ, ಗೋಡೆ ಇವೆಲ್ಲ ಒಳ್ಳೆಯ ಆಸರೆಗಳು. ಭುಜವನ್ನೂ ಸೊಂಟವನ್ನೂ ಒರಗಿಸಿದರೆ ಸಾಕಷ್ಟು ಲಾಭ ಸಿಗುತ್ತದೆ. ಆದರೆ ರಸ್ತೆಯ ಮೇಲಿನ ಸ್ಕೈವಾಕ್‌ನಲ್ಲಿ ನಿಂತು ಸಂಜೆಯ ವಾಹನ ಸಾಲನ್ನು ತೆಗೆಯುವವರು ಕಬ್ಬಿಣದ ಕಟಕಟೆಗೆ ಕ್ಯಾಮೆರಾ ಒತ್ತಿ ಹಿಡಿಯುತ್ತಾರೆ. ಕೆಳಗೆ ಬಿಎಂಟಿಸಿ ಬಸ್ ಹಾದುಹೋದಾಗಲೂ, ಪಕ್ಕದಲ್ಲಿ ಯಾರಾದರೂ ಬಿರುಸಾಗಿ ನಡೆದಾಗಲೂ ಆ ಕಟಕಟೆ ಕಂಪಿಸುತ್ತದೆ. ಅಂಗೈಯನ್ನು ಅದರ ಮೇಲಿಟ್ಟು ಕೆಲವು ಸೆಕೆಂಡ್ ಗಮನಿಸಿದರೆ ಆ ಕಂಪನ ತಿಳಿಯುತ್ತದೆ. ಅಂಥ ಕಡೆ ಕಟಕಟೆಯಿಂದ ಒಂದು ಗೇಣು ಹಿಂದೆ ನಿಂತು ನಿಮ್ಮ ದೇಹವನ್ನೇ ನಂಬುವುದು ಮೇಲು. ಕಾರಿನ ಕಿಟಕಿಯ ಮೇಲೆ ಅಕ್ಕಿಯ ಚೀಲವಿಟ್ಟು ಹಕ್ಕಿ ತೆಗೆಯುವವರು ಎಂಜಿನ್ ಆರಿಸಿರಬೇಕು. ಓಡುವ ಆಟೋ ಅಥವಾ ಮೆಟ್ರೋದೊಳಗೆ ಮೊಣಕೈಯನ್ನು ಎಲ್ಲಿಗೂ ತಾಗಿಸದೆ, 1/500ಕ್ಕಿಂತ ನಿಧಾನಕ್ಕೆ ಇಳಿಯದೆ ತೆಗೆಯಿರಿ.

ಟ್ರೈಪಾಡ್ ಒಯ್ಯಲಾಗದ ಕಡೆಗೆ ಹಗ್ಗದ ಉಪಾಯವೊಂದಿದೆ. ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚಿನ, ಇಂಚಿಗೆ 20 ಎಳೆಯ ಗಿಡ್ಡ ಬೋಲ್ಟ್ ತಂದು ಅದಕ್ಕೆ ನಿಮ್ಮ ಎತ್ತರದಷ್ಟು ಹಿಗ್ಗದ ದಾರ ಕಟ್ಟಿ. ಬೋಲ್ಟನ್ನು ಕ್ಯಾಮೆರಾದ ತಳಕ್ಕೆ ತಿರುಗಿಸಿ, ದಾರದ ತುದಿಯನ್ನು ಪಾದದಡಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆಳೆದು ದಾರ ಬಿಗಿಯಾಗಿಸಿ. ಮೇಲೆ ಕೆಳಗಿನ ಅಲುಗಾಟ ಇದರಿಂದ ಚೆನ್ನಾಗಿ ತಗ್ಗುತ್ತದೆ. ಉದ್ದ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಕ್ಯಾಮೆರಾದ ತಳ ಹಾಳಾಗುತ್ತದೆ; ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ.

ಮೊಬೈಲಿನಲ್ಲಿ ತೆಗೆಯುವವರಿಗೆ

ಎರಡು ಕೈಗಳಲ್ಲಿ ಹಿಡಿದು, ಪರದೆಯನ್ನು ತಟ್ಟುವ ಬದಲು ವಾಲ್ಯೂಮ್ ಗುಂಡಿ ಒತ್ತಿ. ನೈಟ್ ಮೋಡ್ ಹಲವು ಚಿತ್ರಗಳನ್ನು ತೆಗೆದು ಜೋಡಿಸುವುದರಿಂದ ಪರದೆಯ ಎಣಿಕೆ ಮುಗಿಯುವವರೆಗೆ ಕದಲಬೇಡಿ. ದ್ವಿಚಕ್ರ ವಾಹನದ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ದಾರಿ ನೋಡುತ್ತಾ ಓಡಾಡುವವರು ಈ ನಗರದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಎಂಜಿನ್ನಿನ ಬಿರುಸಾದ ಕಂಪನ ಫೋನ್ ಕ್ಯಾಮೆರಾದ ಸ್ಟೆಬಿಲೈಸೇಶನ್ ಮತ್ತು ಫೋಕಸ್ ವ್ಯವಸ್ಥೆಯನ್ನು ಕೆಡಿಸಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಬಳಕೆದಾರರನ್ನು ಎಚ್ಚರಿಸಿದೆ. ಚಿತ್ರ ಇದ್ದಕ್ಕಿದ್ದಂತೆ ಮೆತ್ತಗೆ ಬರತೊಡಗಿದರೆ, ಪರದೆಯ ಮೇಲಿನ ದೃಶ್ಯ ತಾನಾಗಿ ನಡುಗಿದರೆ, ಕ್ಯಾಮೆರಾ ಬಳಿಯಿಂದ ಸಣ್ಣ ಗುಂಯ್‌ಗುಡುವ ಸದ್ದು ಬಂದರೆ ರಿಪೇರಿಯವರಿಗೆ ತೋರಿಸುವ ಹೊತ್ತಾಗಿದೆ.

ಹಂತ 9: ಜಾಗ ಬಿಡುವ ಮೊದಲು ತಪಾಸಣೆ ಮಾಡಿ

ಹಿಂಬದಿಯ ಪರದೆಯಲ್ಲಿ ಇಡೀ ಚಿತ್ರ ನೋಡಿದರೆ ಯಾವ ಅಲುಗಾಟವೂ ಕಾಣುವುದಿಲ್ಲ. ಒಂದೇ ಗುಂಡಿಯಲ್ಲಿ ಶೇಕಡಾ 100ಕ್ಕೆ ಹಿಗ್ಗುವಂತೆ ಕ್ಯಾಮೆರಾವನ್ನು ಹೊಂದಿಸಿಟ್ಟುಕೊಂಡು, ಬೆಳಕು ಬದಲಾದಾಗಲೆಲ್ಲ ಒಂದು ಚಿತ್ರವನ್ನು ಹಿಗ್ಗಿಸಿ ನೋಡಿ. ಕಣ್ಣಿನ ಹೊಳಪಿನ ಚುಕ್ಕೆ ದುಂಡಗಿದ್ದರೆ ಮುಂದುವರಿಯಿರಿ. ಬಾಲ ಬಂದಿದ್ದರೆ ಮೊದಲು ಷಟರ್ ವೇಗದ ಅಂಕಿ ನೋಡಿ, ಚೀಟಿಯ ಅಂಕಿಗೆ ಹೋಲಿಸಿ. ಅದು ಮಿತಿಗಿಂತ ನಿಧಾನವಾಗಿದ್ದರೆ ಐಎಸ್‌ಒ ಗಡಿಯನ್ನು ಏರಿಸಿ. ಮಿತಿಯ ಒಳಗೇ ಇದ್ದೂ ಬಾಲ ಬಂದಿದ್ದರೆ ಬಹುಶಃ ನೀವು ದಣಿದಿದ್ದೀರಿ. ವೇಗವನ್ನು ದುಪ್ಪಟ್ಟು ಮಾಡಿ, ಇಲ್ಲವೇ ಎಲ್ಲಿಯಾದರೂ ಕೂತು ಹತ್ತು ನಿಮಿಷ ಕಳೆದು ಅದೇ ಚಿತ್ರವನ್ನು ಮತ್ತೆ ತೆಗೆಯಿರಿ.